ಬಾಕಿ ನಾಲ್ಕೂವರೆ ಸಾವಿರ

ಸುಗುಣಾವತಿಯ ಅಡುಗೆಮನೆಯಲ್ಲಿ ನಾನು ನಿಂತದ್ದು
ನಡುವಿನವಳಾಗಿ. ಎರಡೂ ಭಾಷೆ ಬರುತ್ತದೆ, ನನ್ನ ತಪ್ಪು ಅದೊಂದೇ.
ಹೊಲಿಯುತ್ತಿದ್ದ ರವಕೆ ಹೆಗಲ ಮೇಲೇ ಉಳಿದಿತ್ತು.
ಕರೆದದ್ದು ಹಾಗೆ: "ಓಡಿ ಬಾ, ಅವ ಬಂದಿದ್ದಾನೆ,
ಇವತ್ತು ಬಿಟ್ಟರೆ ಮತ್ತೆ ಚೆರ್ಕಳ ದಾಟಿ ಬರುವವನಲ್ಲ."
ಬಸ್ಸಿಗೆ ಬೇಕಾದಷ್ಟು ಮಲಯಾಳ ಅವಳಲ್ಲೂ ಇದೆ,
ಜಗಳಕ್ಕೆ ಸಾಲದು.

ಅವ ಅಂದರೆ ಕುಂಞಂಬು, ಒಲೆ ಹಾಕುವವ.
ಪೆರ್ಲದಿಂದ ಮುಳ್ಳೇರಿಯದವರೆಗೆ ಇನ್ನೂರು ಒಲೆಯಂತೆ,
ಒಬ್ಬ ಹೆಂಗಸಿನ ಕಣ್ಣಲ್ಲೂ ನೀರು ಬಂದಿಲ್ಲವಂತೆ.
ಹೇಳುತ್ತಾ ಲುಂಗಿಯ ಅಂಚಿನಿಂದ
ತನ್ನ ಕಣ್ಣು ಒರೆಸಿಕೊಂಡ.

ಚೀಟಿಯಲ್ಲಿ ಅವನ ಅಕ್ಷರ: ಹೊಗೆಯಿಲ್ಲದ ಒಲೆ ಒಂದು,
ಎರಡು ಬಾಯಿ, ಮೇಲೆ ಟೈಲ್ಸು, ಸಿಮೆಂಟಿನ ಪೈಪು,
ಒಟ್ಟು ಹನ್ನೊಂದು ಸಾವಿರ. ಬಾಕಿ ನಾಲ್ಕೂವರೆ.
ಆ ನಾಲ್ಕೂವರೆ ಅವಳ ಅಕ್ಕಿ ಡಬ್ಬಿಯ ಅಡಿಯಲ್ಲಿದೆ.
ನನಗೆ ಗೊತ್ತು. ಅದೊಂದನ್ನು ಯಾವ ಭಾಷೆಯಲ್ಲೂ ಹೇಳಲಿಲ್ಲ.

"ಕೇಳು ಅವನಲ್ಲಿ, ಇದು ಹೊಗೆಯಿಲ್ಲದ್ದಾ?
ಗೋಡೆ ನೋಡಲಿ, ಒಕ್ಕಲಿಗೆ ಬಳಿದ ಬಿಳಿ ಬಣ್ಣ
ಈಗ ಅಟ್ಟಿನಳಗೆಯ ತಳದ ಹಾಗೆ!"
ಗೋಡೆ ಸ್ವಲ್ಪ ಮಾಸಿದೆ, ಎಂದೆ ನಾನು ಅವನಿಗೆ.

ಅವ ಒಲೆಯೊಳಗಿಂದ ಕೊಳ್ಳಿಯೊಂದನ್ನು ಎಳೆದ,
ರಬ್ಬರಿನದು, ತುದಿಯಲ್ಲಿ ಇನ್ನೂ ನೊರೆಯುಗುಳುತ್ತಿತ್ತು.
"ಪಚ್ಚ" ಎಂದ.
ಅದನ್ನು ನಾನು ಹೇಳಬೇಕಾಗಲಿಲ್ಲ,
ಪಚ್ಚೆ ಅವಳಿಗೂ ಪಚ್ಚೆಯೇ.
"ಹಸಿಯಂತೆ! ಒಣಗಿದ ಗೇರಿನದು
ಇವನಪ್ಪ ತಂದು ಹಾಕುತ್ತಾನಾ?"
ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ
ಕಟ್ಟಿಗೆಯನ್ನು ಮಾತ್ರ ದಾಟಿಸಿದೆ.

ಹೀಗೇ ಸುಮಾರು ಹೊತ್ತು.
ಅವಳು ಹೊಗೆ ಅನ್ನುವಳು, ಅವ ಪುಗ ಅನ್ನುವ,
ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಅವಳ ಅತ್ತೆ
ಪುಗೆ ಪುಗೆ ಎಂದು ತುಳುವಿನಲ್ಲಿ ಕೆಮ್ಮುವಳು.
ಮಾತಿಗೆ ಮೂರು ಬಾಯಿ, ಒಲೆಗೆ ಎರಡೇ.

ಕಡೆಗೆ ಏಣಿ ಇಟ್ಟು ಹತ್ತಿದ. ನಾನೂ ಹತ್ತಿದೆ,
ಮೇಲಿನಿಂದ ಬೈದರೆ ಕೆಳಗೆ ಮುಟ್ಟಿಸುವವರು ಬೇಕಲ್ಲ.
ತಾರಸಿಯ ಮೇಲೆ ಹೊಸ ತಗಡಿನ ಮಾಡು, ನೀಲಿ,
ಒಲೆಯಾದ ಮೇಲೆ ಮಳೆಗೆ ಮುಂಚೆ ಹಾಕಿಸಿದ್ದು.
ಅದರಡಿ, ಒಂದೇ ಗೇಣು ಕೆಳಗೆ, ಪೈಪಿನ ಬಾಯಿ.
ಹೊಗೆ ಏರಿ ತಗಡಿಗೆ ಹಣೆ ಬಡಿದು
ಬಂದ ದಾರಿಯನ್ನೇ ಹಿಡಿಯುತ್ತಿತ್ತು,
ಕೊನೆಯ ಬಸ್ಸು ತಪ್ಪಿದವರ ಹಾಗೆ.

"ತಗಡು ಹಾಕುವಾಗ ನನ್ನನ್ನು ಕರೆಯಬೇಕಿತ್ತು."
"ಹಾಕುತ್ತಾರೆಂದು ಅವನಿಗೇ ತೋರಬೇಕಿತ್ತು,
ತಗಡಿಲ್ಲದ ತಾರಸಿ ಈ ಊರಲ್ಲಿ ಯಾವುದುಂಟು?"
ಎರಡೂ ಸರಿ. ಎರಡನ್ನೂ ಇದ್ದ ಹಾಗೇ ದಾಟಿಸಿದೆ.
ಬೆಳಗಿನಿಂದ ಮೊದಲ ಸಲ ಇಬ್ಬರೂ ಸುಮ್ಮನಾದರು.

ಇಳಿದು ಬಂದು ಕೇಳಿದ, ತಗಡು ಹಾಕಿದವ ಯಾರು?
ಸುಗುಣಾವತಿ ಚೆಂಬೊಂದನ್ನು
ಆ ಕಡೆಯಿಂದ ಈ ಕಡೆಗೆ ಇಟ್ಟಳು.
ಅವಳ ತಮ್ಮ. ಅವನದು ಬಾಕಿಯಿಲ್ಲ.

ಚಹಾ ಬಂತು, ಗ್ಯಾಸಿನ ಮೇಲೆ ಕುದಿಸಿದ್ದು.
ಕುಡಿದು, ಲೋಟ ಮಗುಚಿಟ್ಟು, ಕುಂಞಂಬು ಹೇಳಿದ:
ತಗಡು ತೂತು ಮಾಡಿ ಮೂರಡಿ ಏರಿಸಲು ಎಂಟುನೂರು ಬೇರೆ.
ಅವಳು ಡಬ್ಬಿಯೊಳಗೆ ಮೊಣಕೈವರೆಗೆ ಇಳಿದು
ಎರಡು ಸಾವಿರ ತೆಗೆದಳು, ನೋಟಿಗೆಲ್ಲ ಅಕ್ಕಿ ಹುಡಿ.
ಉಳಿದದ್ದು ಹೊಗೆ ಹೊರಗೆ ಹೋದ ಮೇಲೆ.
ಇದನ್ನು ಅವನಿಗೆ ಹೇಳುವಾಗ
"ಹೋದ ಮೇಲೆ" ಎಂದೆನೋ "ಹೋದರೆ" ಎಂದೆನೋ
ಈಗ ನೆನಪಿಲ್ಲ.
ತಲೆಯಾಡಿಸಿದ. ಯಾವುದಕ್ಕೆ ಎಂದು ಗೊತ್ತಿಲ್ಲ.

ಪೈಪಿನ ತುಂಡು ಬಂದಿದೆ, ಅಂಗಳದಲ್ಲಿ ಮಲಗಿದೆ,
ಸಂಜೆ ಮಕ್ಕಳು ಅದರೊಳಗೆ ಕೂಗಿ ಆಡುತ್ತಾರೆ.
ತೂತು ಕೊರೆಯುವ ಮೆಷಿನ್ನು
ಬದಿಯಡ್ಕದಿಂದ ಬರಬೇಕಂತೆ.

ರವಕೆ ಹೊಲಿದು ಕೊಟ್ಟೆ. ಮಾರನೆಯ ಬೆಳಿಗ್ಗೆ
ಮಡಚಿದ ಹಾಗೇ ವಾಪಸು ಬಂತು:
"ಅಳತೆ ಸರಿ ಉಂಟು ಅಕ್ಕ.
ವಾಸನೆ ಯಾರದ್ದು?"