ಜೂಲಿ, ಹೆಣ್ಣು, ಹತ್ತೊಂಬತ್ತು

ನಾನವಳನ್ನು ನೋಡಿಲ್ಲ.
ನನಗೆ ಗೊತ್ತಿರುವುದು ಅವಳ ಬಾಲದ ರಕ್ತ:
ಎರಡು ಟ್ಯೂಬು, ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ನೇರಳೆ,
ಮೇಲೆ ಮುನಿನಂಜಪ್ಪನ ಗುಂಡು ಅಕ್ಷರ,
'ಜೂಲಿ, ಹೆಣ್ಣು, ೧೯, ಸರ್ಕಸ್.'
ಸರ್ಕಸ್ ಎಂಬುದೂ ಒಂದು ಕಾಯಿಲೆಯೋ ಎಂಬಂತೆ.

ಬನ್ನೇರುಘಟ್ಟದಿಂದ ಹೆಬ್ಬಾಳದ ನಮ್ಮ ಲ್ಯಾಬಿಗೆ
ಚೌರಪ್ಪ ಬೈಕಿನಲ್ಲಿ ತರುತ್ತಾನೆ,
ಹಿಂದೆ ಐಸ್ ಡಬ್ಬಿ, ಮೀನಿನವರ ಹತ್ತಿರ ಕೊಂಡಿದ್ದು.
ಡೈರಿ ಸರ್ಕಲ್ಲಿನಲ್ಲಿ ಇಪ್ಪತ್ತು ನಿಮಿಷ, ಮೇಖ್ರಿಯಲ್ಲಿ ಹದಿನೈದು.
ಪಕ್ಕದ ಆಟೋದವನು ಕೇಳಿದನಂತೆ:
ಏನಣ್ಣ, ಬಂಗಡೆನಾ?
ಸಿಂಹ, ಅಂದನಂತೆ ಇವನು.
ಆಟೋದವನು ನಗದೆ, ಅಷ್ಟೇ ಅಷ್ಟು ಸರಿದು
ದಾರಿ ಬಿಟ್ಟನಂತೆ.
(ಚೌರಪ್ಪನ ಮಾತಿಗೆ ರೂಪಾಯಿಗೆ ನಾಲ್ಕಾಣೆ ಸೋಡಿ ಬಿಡಬೇಕು.)

ನಮ್ಮ ಯಂತ್ರಕ್ಕೆ ಸಿಂಹ ಗೊತ್ತಿಲ್ಲ.
ಅದರ ಪಟ್ಟಿಯಲ್ಲಿ ಹಸು, ನಾಯಿ, ಕುದುರೆ, ಬೆಕ್ಕು.
ನಾನು ಬೆಕ್ಕು ಎಂದು ಒತ್ತುತ್ತೇನೆ.
ಸೂಜಿಮೂಗಿನಿಂದ ಹೀರಿ ಮೂರು ನಿಮಿಷ ಗುರುಗುಟ್ಟಿ
ಅದು ಅಂಕಿ ಉಗುಳುತ್ತದೆ.
ಯುಗಾದಿ ಆದಮೇಲೆ, ಕ್ರಿಯಾಟಿನಿನ್ ನಾಲ್ಕು ಪಾಯಿಂಟ್ ಎರಡು.
ಆಷಾಢದಲ್ಲಿ ಐದೂವರೆ.
ಗೌರಿಹಬ್ಬದ ಹಿಂದಿನ ದಿನ ಏಳು ಪಾಯಿಂಟ್ ಒಂದು.

ಫೋನು ಮಾಡಿದರೆ ಮುನಿನಂಜಪ್ಪನಿಗೆ ಅಂಕಿ ಬೇಡ.
ಅವನ ಲೆಕ್ಕವೇ ಬೇರೆ.
'ಮೂರು ಬಕೀಟು ಕುಡೀತಿದ್ಲು, ಈಗ ಆರು.
ಉಚ್ಚೆ ಬರೀ ನೀರು ಮೇಡಂ, ನಾತಾನೇ ಇಲ್ಲ.
ನಾತವೆಲ್ಲ ಬಾಯಿಗೆ ಬಂದೈತೆ.
ಮಂಗಳವಾರ ಎಲ್ಲಾ ಸಿಂಹಕ್ಕೂ ಉಪಾಸ;
ಇವಳಿಗೆ ಈಗ ವಾರವೆಲ್ಲ ಮಂಗಳವಾರ.'

ರಕ್ತ ಹೇಗೆ ತೆಗೀತೀರಿ, ಅಂದೆ ಒಮ್ಮೆ.
ಬಾಲ ಕೊಡು ಅಂದರೆ ಕೊಡುತ್ತಾಳಂತೆ:
ಕಂಬಿಗೆ ಬೆನ್ನು ಹಾಕಿ ಕೂತು
ಕೆಳಗಿನ ಸಂದಿಯಿಂದ ಹೊರಗೆ ಬಿಡುತ್ತಾಳಂತೆ.
'ಬಾಲ ನಾವು ಕಲಿಸಿದ್ದು.
ಸ್ಟೂಲು ಹತ್ತಿ ಕೂರೋದು ಬರುವಾಗಲೇ ಬರ್ತಿತ್ತು.
ಸೀಟಿ ಕೇಳಿದ್ರೆ ಈಗಲೂ ಸ್ಟೂಲು ಹುಡುಕ್ತಾಳೆ.
ಅದಕ್ಕೇ ಇಲ್ಲಿ ಯಾರೂ ಸೀಟಿ ಹೊಡೆಯಲ್ಲ.'

ದಸರೆಯ ಹೊತ್ತಿಗೆ ಅಂಕಿ ಇಳಿಯಿತು.
ಐದು. ನಾಲ್ಕು ಪಾಯಿಂಟ್ ಮೂರು.
ಯಂತ್ರವನ್ನು ತೊಳೆದು ಮತ್ತೆ ಓಡಿಸಿದೆ. ನಾಲ್ಕು ಪಾಯಿಂಟ್ ಮೂರೇ.
ಮೆಟ್ಟಿಲು ಎರಡೆರಡು ಹಾರಿ
ಡಾಕ್ಟರ್ ಯತಿರಾಜರ ಬಾಗಿಲಿಗೆ ಹೋದೆ.
ಸಲೈನು ಹಿಡೀತು ಸಾರ್.
ಅವರು ಕಾಗದ ಮುಟ್ಟದೆ ಕೇಳಿದರು: ತೂಕ ಎಷ್ಟು?
ನೂರ ಇಪ್ಪತ್ತೆಂಟು ಇದ್ದದ್ದು ತೊಂಬತ್ತೊಂದು.
'ಇದು ಹುಟ್ಟೋದು ಮಾಂಸಖಂಡದಲ್ಲಿ, ವಿನೋದಿನಿ.
ಖಂಡವೇ ಕರಗಿದ ಮೇಲೆ ಎಲ್ಲಿಂದ ಬರಬೇಕು?'

ಹೊಗೆ ಕಮ್ಮಿಯಾಯಿತೆಂದು ಹಿಗ್ಗಿದ್ದೆ.
ಸೌದೆ ಮುಗಿದಿತ್ತು.

ಆ ರಾತ್ರಿ ಮತ್ತಿಕೆರೆಗೆ ಕಾವೇರಿ ನೀರು ಬಿಡುವ ಪಾಳಿ.
ಎರಡು ಗಂಟೆಗೆ ನಲ್ಲಿ ಕೆಮ್ಮಿ, ಉಸಿರೆಳೆದು,
ಡ್ರಮ್ಮಿಗೆ ಬೀಳತೊಡಗಿತು.
ಹಾಸಿಗೆಯಲ್ಲಿ ನನಗೆ ಕೇಳಿದ್ದು ನಾಲಿಗೆ:
ಒರಟು ನಾಲಿಗೆ, ನೆಕ್ಕಿ ನೆಕ್ಕಿ
ತಳ ಕಾಣುವವರೆಗೆ ನೆಕ್ಕಿ
ಮತ್ತೆ ಬಾಯಾರಿ.
ಎದ್ದು ನಲ್ಲಿ ನಿಲ್ಲಿಸಿದೆ. ಡ್ರಮ್ಮು ಅರ್ಧ ತುಂಬಿತ್ತು.
ಅತ್ತೆ ಬೆಳಿಗ್ಗೆ ಬೈದರು.

ಆರೂವರೆಗೆ ಮುನಿನಂಜಪ್ಪನ ಫೋನು.
ಎಂದೂ ಕೇಳದವನು ಕೇಳಿದ:
'ಅಂಕಿ ಎಷ್ಟು ಬಂತು ಮೇಡಂ?'
ಇಳಿದಿದೆ, ಅಂದೆ. ಸುಳ್ಳೇನಲ್ಲ.
ಆಚೆ ಕಡೆ ಯಾರೋ ಸಿಮೆಂಟು ನೆಲ ಗುಡಿಸುವ ಸದ್ದು.
'ಬಕೀಟು ತುಂಬಿದ್ದು ತುಂಬಿದಂಗೇ ಐತೆ.
ಮೂತಿ ಇಟ್ಟಿಲ್ಲ.'
ಮತ್ತೆ ಪೊರಕೆ.
'ಇವತ್ತು ಸೂಜಿ ಇಲ್ಲ, ಡಾಕ್ಟ್ರೂ ಬಂದಿಲ್ಲ.
ಬಾಲ ಮಾತ್ರ ಆಚೆ ಬಿಟ್ಕಂಡು ಕೂತವ್ಳೆ,
ನಾನು ಕೇಳೇ ಇಲ್ಲ.'