ಮಾಳಿಗಿ ಪಾಲಾಗಿಲ್ಲ

ನಗರಸಭೆ ಪುಸ್ತಕದಾಗ ನಮ್ಮ ಮಾವ ಇನ್ನೂ ಸತ್ತಿಲ್ಲ.
ಕುಬೇರಪ್ಪ, ನೇಕಾರ ಓಣಿ, ಬೆಟಗೇರಿ.
ವರ್ಷಾ ಏಪ್ರಿಲ್‌ದಾಗ ಮನಿ ಕರಾ ಕಟ್ಟತಾನ.
ಲಗೂ ಕಟ್ಟಿದರ ಒಂದೀಟು ಬಿಡತಾರಂತ
ಸತ್ತ ಮ್ಯಾಲೂ ಅವಸರ ಅವಂಗ.

ಅರ್ಜಿ ತುಂಬೋ ಹುಡುಗ ಕೇಳಿದ,
'ಮನಿ ಯಾರ ಹೆಸರಲೆ ಐತಿ, ಅಕ್ಕಾರ?'

ಸೋಲಾರ್ ಹಾಕಿಸಿದರ ಸರಕಾರ
ಅಷ್ಟೊ ಇಷ್ಟೊ ರೊಕ್ಕ ತಿರುಗಿ ಕೊಡತೈತಿ ಅಂತ
ಕಂಡಕಿ ಸುತ್ತೂದು ಬಿಟ್ಟು ಬಂದಿದ್ನಿ ನಾ.
ಕರೆಂಟ್ ಬಿಲ್ಲು ನಮ್ಮನ್ಯಾಗ
ಮಗ್ಗಕ್ಕಿಂತ ಜೋರ ನೇಯತೈತಿ.

ನೆಲಾ ಪಾಲಾಗಿ ಹನ್ನೊಂದು ವರ್ಷ.
ಪಡಸಾಲಿ ಹಿರ್‍ಯಾವ ಬನಪ್ಪಗ,
ಅಡಗಿಮನಿ, ಬಚ್ಚಲಾ ಶಾಂತೇಶಪ್ಪಗ,
ಕೊಟಗಿ, ಮಗ್ಗದ ಕುಣಿ ನಮಗ.
ನಡಬರಕ ಇಟ್ಟಂಗಿ ಗ್ವಾಡಿ,
ಗಿಲಾವ ಇಲ್ಲ; ಯಾರ ಖರ್ಚು ಅನ್ನೂದು ಇನ್ನೂ ಹರಿದಿಲ್ಲ.
ದೇವರು ತಿಂಗಳಿಗೊಬ್ಬರ ಮನ್ಯಾಗ.
ಎಲ್ಲಾ ಹಗ್ಗ ಹಿಡದು ಅಳದ್ವಿ.
ಮಾಳಿಗಿ ಅಳೀಲಿಲ್ಲ.
ಮ್ಯಾಲೆ ಏನೈತಿ? ನೀರಿನ ಟಾಕಿ,
ಕಾರಹುಣ್ಣಿವಿ ಪಟದ ಹರಕ ದಾರ, ಒಂದು ಬೆಕ್ಕು.
ಬಿಸಲಿಗೆ ರೇಟು ಬರತೈತಿ ಅಂತ
ಆವಾಗ ಯಾರಿಗೆ ಗೊತ್ತು?

'ವಾರಸದಾರರ ಎಲ್ಲಾರ ಸಹಿ ಬೇಕ್ರಿ,
ತಕರಾರಿಲ್ಲ ಅಂತ, ಬಾಂಡಿನ ಮ್ಯಾಲೆ.'
ತಕರಾರಿಲ್ಲ!
ಅದೊಂದ ಬಿಟ್ಟು ಮಿಕ್ಕಿದ್ದೆಲ್ಲಾ ಪಾಲಾಗೇತಿ ತಮ್ಮಾ,
ಅದನ್ನಷ್ಟ ಮೂರೂ ಮಂದಿ ಕೂಡೇ ಇಟ್ಕೊಂಡೀವಿ.

ಬನಪ್ಪ ಭಾವ ಚಾಳೀಸ ಹಾಕ್ಕೊಂಡು
ಮೂರ ಸರ್ತಿ ಓದಿದ,
ಸೀರಿ ಅಂಚಿನ ಎಳಿ ಎಣಿಸಿದಂಗ.
ಅಪ್ಪನ ಹೆಸರಿನ ಮುಂದ 'ದಿವಂಗತ' ಅಂತ ಅಚ್ಚಾಗಿತ್ತು.
ಅದರ ಮ್ಯಾಲೆ ಹೆಬ್ಬಟ್ಟು ಆಡಿಸಿದ,
ಮಸಿ ಹಸಿ ಐತೇನೋ ಅನ್ನೂ ಹಂಗ.
ಸಹಿ ಮಾಡಿದ.
ಕುಂಡ್ರು ಅನ್ನಲಿಲ್ಲ.

ನೆಗೆಣ್ಣಿ ಸಾವಂತ್ರವ್ವ ಬಾಗಲದಾಗ ನಿಂತಿದ್ಲು.
'ನಮ್ಮವರು ಸಹಿ ಮಾಡತಾರ, ಮಾಡಲಿ.
ಆದರ ನೈಋತ್ಯ ಮೂಲಿ ನಂದು.
ಶಿವರಾತ್ರಿಯಿಂದ ಬಸವಜಯಂತಿ ಮಟಾ
ನಾ ಅಲ್ಲೇ ಶಂಡಿಗಿ ಹಾಕಾಕಿ.
ನಿಮ್ಮ ತಗಡಿನ ನೆಳ್ಳು ಅದರ ಮ್ಯಾಲೆ ಬೀಳಬಾರದು.
ಬರಕೊಡು.'

ಬರಕೊಟ್ನಿ.
ಬಾಂಡಿನ ಝರಾಕ್ಸಿನ ಹಿಂದ, ಲೆಕ್ಕದ ಪೆನ್ನಲೆ:
ನೈಋತ್ಯ ಮೂಲಿ ಬಿಸಲು ಸಾವಂತ್ರವ್ವಂದು.
ಯಾವ ಕಚೇರಿ ಸಿಕ್ಕಾನೂ ಇದಕ್ಕ ಹತ್ತೂದಿಲ್ಲ.
ಆಕಿ ಮಡಿಚಿ ಕುಪ್ಪಸದಾಗ ಇಟ್ಕೊಂಡ್ಲು.

ತಗಡು ಕೂಡಸಾಕ ಬಂದ ಹುಡುಗೂರು
'ಆ ಮೂಲಿ ಬಿಸಲ ಚಲೋ ಐತ್ರಿ' ಅಂದರು.
ಗೊತ್ತೈತಿ ಅಂದ್ನಿ.
ಒಂದ ತಗಡ ಕಮ್ಮಿ ಹಾಕಿದರು.
ಕಬ್ಬಿಣ ಕಾಲು ಎತ್ತರ ಎಬ್ಬಿಸಿ
ತೆಂಕಣಕ್ಕ ಮುಖಾ ಮಾಡಿ, ನೀಲಿ,
ಇಳಕಲ್ ಸೀರಿ ಒಡಲಿನ ಬಣ್ಣ ಒಣಹಾಕಿದಂಗ.
ಹೊಸ ಮೀಟರಿನ್ಯಾಗ ಎರಡ ಬಾಣ:
ಒಂದು ಮನಿಗೆ ಬರೂದು, ಒಂದು ಮನಿಯಿಂದ ಹೋಗೂದು.
ನಮ್ಮ ಗಂಡ ಮೂರ ದಿನಾ
ಹುಣ್ಣ ನೋಡಿದಂಗ ಅದನ್ನ ಹೋಗಿ ಹೋಗಿ ನೋಡಿದ.

ಸರಕಾರದ ರೊಕ್ಕ ಬಂದಿಲ್ಲ.
'ಪರಿಶೀಲನೆಯಲ್ಲಿದೆ' ಅಂತೈತಿ ಫೋನು.
ಕುಬೇರಪ್ಪನ ಮಗನ ಹೆಸರಿನ್ಯಾಗ ಒಂದ ಅಕ್ಷರ
ಬ್ಯಾಂಕಿನ್ಯಾಗ ಬ್ಯಾರೆ, ಆಧಾರಿನ್ಯಾಗ ಬ್ಯಾರೆ.

ಮದ್ಯಾನ ಬಿಸಲಿಗೆ ಮಾಳಿಗಿ ಹಂಚಿನಂಗ ಕಾಯತೈತಿ.
ಮೂಲ್ಯಾಗ ಹಳೇ ಧೋತರದ ಮ್ಯಾಲೆ
ಆಕಿ ಶಂಡಿಗಿ, ಸಾಲಾಗಿ, ಬೆಳ್ಳಗ.
ಆಕಿ ಮಾತ್ರ ಕ್ವಾಲ ಹಿಡಕೊಂಡು
ನಮ್ಮ ತಗಡಿನ ಕೆಳಗ ಕುಂತಾಳ.
ನಾನೂ ಹಣಗಿ ತಗೊಂಡು, ರಾಟಿ ಬ್ಯಾಡಂತ ಬಿಟ್ಟು,
ಆ ಕಡೆ ಕಾಲಿಗೆ ಆತು ಕುಂಡ್ರತೇನಿ.
ನೆಳ್ಳಿನ ಬಗ್ಗೆ ಪತ್ರದಾಗ ಏನೂ ಬರದಿಲ್ಲ.

ನಿನ್ನೆ ಫೋನು ಟಿಣ್ ಅಂತು.
ಹನ್ನೊಂದು ವರ್ಷಕ್ಕ ಆಕೀನ ಮದಲ ಮಾತಾಡಿದ್ಲು:
'ಬಂತೇನ?'
ಇಲ್ಲ, ರೀಚಾರ್ಜ್ ಮುಗಿಯಾಕ ಬಂದೈತಂತ.
'ಹಚ್ಚಾ' ಅಂದ್ಲು,
ನನಗೋ, ಕಾಗಿಗೋ.