ನಲವತ್ತು ಮೀಟರ್ ಮೇಲೆ ಒಂದು ಪುಟ

ಅಂಗಡಿಯ ಹುಡುಗ ಕಾಯೆತಾನ್ ಮೇಜಿನ ಮೇಲೆ
ನಾಲ್ಕು ಇ-ರೀಡರುಗಳನ್ನು ಸಾಲಾಗಿ ಮಲಗಿಸಿದ.
ಆರು ಇಂಚು, ಏಳು, ಏಳೂಮುಕ್ಕಾಲು, ಹತ್ತು.
ನನಗೆ ಇಂಚಿನ ಲೆಕ್ಕ ಹತ್ತದಪ್ಪ ಎಂದು
ಗೇಣು ಹಾಕಿ ನೋಡಿದೆ.

ಹತ್ತಿಂಚಿನದು ಚೆಲುವಾಗಿತ್ತು, ಸುಳ್ಳು ಹೇಳಲಾರೆ,
ಅಕ್ಷರಗಳು ಕೈಕಾಲು ಚಾಚಿ ಮಲಗುವಷ್ಟು ಜಾಗ.
ಆದರೆ ನನ್ನ ಕೆಲಸದ ಜಾಕೆಟ್ಟಿನ ಒಳಜೇಬು
ಅದನ್ನು ಕಂಡದ್ದೇ ಬಾಯಿ ಬಿಗಿಹಿಡಿಯಿತು.
ಮೂಗಿಗಿಂತ ಮೂಗುತಿ ಭಾರ.

ಗ್ದಿನ್ಯಾ ಬಂದರಿನಲ್ಲಿ ಲಿಫ್ಟು ಕೆಟ್ಟ ದಿನ
ಕ್ರೇನಿನ ಏಣಿಗೆ ಎರಡೂ ಕೈ ಬೇಕು.
ಎದೆಗೆ ಅಂಟಿಕೊಂಡದ್ದು ಮಾತ್ರ ಮೇಲೆ ಬರುತ್ತದೆ.

ಮೊದಲು ಕಾಗದದ್ದೇ ಒಯ್ಯುತ್ತಿದ್ದೆ.
ಫೆಬ್ರವರಿಯ ಒಂದು ಮಧ್ಯಾಹ್ನ
ಕಿಟಕಿ ತುಸು ಸರಿಸಿದ್ದೇ ತಪ್ಪಾಯಿತು,
ಅಂಟು ಬಿಟ್ಟಿದ್ದ ಪತ್ತೇದಾರಿ ಕಾದಂಬರಿಯ
ಕೊನೆಯ ಹದಿನಾರು ಹಾಳೆ ಬಾಲ್ಟಿಕ್ ಪಾಲು.
ಕಡಲಹಕ್ಕಿಗಳು ಮೀನೆಂದುಕೊಂಡು ಬೆನ್ನಟ್ಟಿದವು.
ಕೊಲೆಗಾರ ಯಾರೆಂದು ಅವಕ್ಕೆ ಗೊತ್ತು,
ನನಗಿಲ್ಲ.

‘ಇದು ನೋಡಿ, ಎಲ್ಲಕ್ಕಿಂತ ವೇಗ’ ಎಂದ ಹುಡುಗ.
ಬೆರಳು ಸೋಕಿತೋ ಇಲ್ಲವೋ, ಪುಟ ಹಾರಿತ್ತು.
ಚೀಲದಿಂದ ನನ್ನ ಕೈಗವಸು ತೆಗೆದೆ,
ಗ್ರೀಸು ಕುಡಿದು ಕರ್ರಗಾದ ಚರ್ಮದ್ದು, ತೊಟ್ಟುಕೊಂಡೆ.
ತಟ್ಟಿದೆ. ಒತ್ತಿದೆ. ಗುದ್ದಿದೆ.
ಎಲ್ಲಕ್ಕಿಂತ ವೇಗದ್ದು ಕಲ್ಲಾಗಿ ಕೂತಿತ್ತು,
ಬರಿಗೈಯನ್ನಷ್ಟೇ ಬಲ್ಲ ನಾಜೂಕು ಕೂಸು.

ಹುಡುಗ ನಗಲಿಲ್ಲ. ಅದಕ್ಕೇ ಅವನ ಮೇಲೆ ನಂಬಿಕೆ ಬಂತು.
ಕೆಳಗಿನ ಖಾನೆಯಿಂದ ಇನ್ನೊಂದು ತೆಗೆದ,
ಯಾರೋ ಬಳಸಿ ಮಾರಿದ್ದು, ಮೂಲೆಯಲ್ಲಿ ಹಲ್ಲಿನ ಗುರುತು,
ನಾಯಿಯದೋ ಮಗುವಿನದೋ ಅವನಿಗೂ ತಿಳಿಯದು.
ಅಂಚಿನಲ್ಲಿ ಎರಡು ಗುಂಡಿ,
ಒತ್ತಿದರೆ ಟಕ್ ಎನ್ನುವ ನಿಜವಾದ ಗುಂಡಿ.

‘ನಿಧಾನ ಇದು’ ಎಂದು ದನಿ ತಗ್ಗಿಸಿದ,
ತಮ್ಮನ ಸಾಲದ ಸುದ್ದಿ ಹೇಳುವವನ ಹಾಗೆ.
ಒತ್ತಿದೆ. ಪರದೆ ಕಪ್ಪಾಗಿ, ಬೆಳ್ಳಗಾಗಿ,
ಎವೆ ಮುಚ್ಚಿ ತೆರೆಯುವಷ್ಟು ಹೊತ್ತಿನ ಮೇಲೆ ಪುಟ ಬಂತು,
ಬಂದರೂ ಹಿಂದಿನ ಪುಟದ ಒಂದೆರಡು ಸಾಲು
ನೆರಳಿನಂತೆ ಹೋಗಲೊಲ್ಲದೆ ಉಳಿದಿದ್ದವು.

ಹುಡುಗನಿಗೆ ಏನು ಗೊತ್ತು?
ಮೂವತ್ತು ಟನ್ನಿನ ಪೆಟ್ಟಿಗೆ ಗಾಳಿಯಲ್ಲಿ ತೂಗುತ್ತಿರುವಾಗ
ತೂಗಾಟದ ತುದಿಯಲ್ಲಿ ಒಂದು ಕ್ಷಣ ಸುಮ್ಮನಾಗುತ್ತದೆ.
ಅದಕ್ಕೆ ಕಾದು ಟ್ರಾಲಿ ಸರಿಸಬೇಕು,
ಮುಂಚೆ ಅಲ್ಲ, ಆಮೇಲೆ ಅಲ್ಲ.
ಇಪ್ಪತ್ತೆರಡು ವರ್ಷ ನಾನು ಉಂಡದ್ದು ಆ ಕ್ಷಣದ ಅನ್ನ.

ಇನ್ನು ಸುಖದ ಮಾತು.
ಸ್ಟೂಲು ಕೇಳಿ ಪಡೆದು, ಕ್ಯಾಬಿನ್ನಿನಲ್ಲಿ ಕೂರುವಂತೆ
ಮೊಣಕಾಲ ನಡುವೆ ನೆಲ ನೋಡುತ್ತ ಬಾಗಿ ಕೂತೆ.
ಗಾಜಿನ ನೆಲದಲ್ಲಿ ಹಡಗು ನೋಡಿ ನೋಡಿ
ನನ್ನ ಕತ್ತು ಕೊಡಲಿಯ ಹಿಡಿಯಾಗಿದೆ.
ಓದುವಾಗಲಾದರೂ ಮುಖ ಎತ್ತಬೇಕು.
ಎತ್ತಿದೆ, ಒಂದೇ ಕೈಯಲ್ಲಿ, ಕಣ್ಣಿನ ನೇರಕ್ಕೆ,
ನೂರು ಎಣಿಸಿದೆ, ಇನ್ನೂರು,
ಸಂಧಿವಾತದ ಹೆಬ್ಬೆರಳು ಚಕಾರ ಎತ್ತಲಿಲ್ಲ.
ಬೆನ್ನ ಹಿಂದೆ ಸರತಿಯಲ್ಲಿದ್ದ ಮುದುಕ ಕೆಮ್ಮಿದ.
ಕೆಮ್ಮಲಿ.

ಹಲ್ಲಿನ ಗುರುತು ತೋರಿಸಿ
ಮೂವತ್ತು ಜ್ಲೋತಿ ಕಡಿಮೆ ಮಾಡಿಸಿದೆ.

ಮೊನ್ನೆ ಗಾಳಿ ಮಿತಿ ಮೀರಿ ಸೈರನ್ ಕೂಗಿ ಕೆಲಸ ನಿಂತಿತು.
ಕ್ರೇನು ಹಳೇ ಮಂಚದಂತೆ ನರಳುತ್ತಿತ್ತು.
ಜಾಕೆಟ್ಟಿನೊಳಗೆ ಬೆಚ್ಚಗಿದ್ದದ್ದನ್ನು ತೆಗೆದು
ಅದೇ ಕಾದಂಬರಿ ಬಿಚ್ಚಿದೆ, ಮೊದಲಿನಿಂದ,
ಅರ್ಧ ಮರೆತಿದ್ದೆನಲ್ಲ.
ಟಕ್. ಕಪ್ಪು. ಪುಟ.
ಟಕ್. ಕಪ್ಪು.
‘ಯದ್ವಿಗಾ, ಗಾಳಿ ಇಳೀತು’ ಎಂದಿತು ರೇಡಿಯೊ.
ಒಂದು ನಿಮಿಷ, ಎಂದೆ. ಹದಿನಾರೇ ಹಾಳೆ ಬಾಕಿ.

ಕಂಬಿಯ ಮೇಲೆ ಒಂದು ಕಡಲಹಕ್ಕಿ ಬಂದು ಕೂತು
ಕತ್ತು ಓರೆ ಮಾಡಿ ಪರದೆ ನೋಡಿತು, ನನ್ನನ್ನು ನೋಡಿತು,
ಕೊಕ್ಕು ತೆರೆಯಿತು.
ಹೇಳಬೇಡ, ಎಂದೆ.